ಮುರಿಯದ ಜೋಡಣೆ ಮತ್ತು ಹದಿನಾಲ್ಕನೇ ಕಾಲಂ

ಹಡಗುಗಳ ಗಟ್ಟಿತನಕ್ಕೆ ಮೊಹರು ಒತ್ತುವ ಮಾನ್ಯ ಅಧಿಕಾರಿಗಳೇ,

ಗಟ್ಟಿಯಾದದ್ದನ್ನು ತಿರಸ್ಕರಿಸಿ, ಮುಟ್ಟಿದರೆ ಕಿತ್ತುಬರುವುದನ್ನು ತಾವು ಮಂಜೂರು ಮಾಡಿದ್ದೀರಿ. ಮಂಜೂರಾತಿ ಪತ್ರವನ್ನು ಮೂರು ದಿನದಿಂದ ಓದಿ ಓದಿ ನಗುತ್ತಿದ್ದೇನೆ. ರೆಸಿನ್ ಅಂಟಿನ ವಾಸನೆ ತಲೆಗೇರಿದೆ ಎಂದುಕೊಳ್ಳಬೇಡಿ. ಶೆಡ್ಡಿನಲ್ಲಿ ನಾನು ಮೂಗಿನ ಮುಸುಕು ತೆಗೆಯುವವನಲ್ಲ.

ನಾವು ಕಟ್ಟಬೇಕಿರುವುದು ಎದುರಿನ ದ್ವೀಪಕ್ಕೆ ಜನರನ್ನು ದಾಟಿಸುವ ಫೈಬರ್ ಹಡಗು. ಅದಕ್ಕೆ ಮೊಳೆಯಿಲ್ಲ, ಬೆಸುಗೆಯಿಲ್ಲ. ತಳದ ಮೇಲೆ ಅಡ್ಡಗೋಡೆ ನಿಲ್ಲಿಸಿ, ಎರಡೂ ಸೇರುವ ಮೂಲೆಗೆ ರೆಸಿನ್ನಿನಲ್ಲಿ ನೆನೆಸಿದ ಗಾಜಿನ ನೂಲಿನ ಬಟ್ಟೆಯನ್ನು ಪದರದ ಮೇಲೆ ಪದರ ಅಂಟಿಸುತ್ತೇವೆ. ಆ ಮೂಲೆ ಬಿಟ್ಟರೆ ಹಡಗಿನ ಆಸೆ ಬಿಟ್ಟಂತೆ. ಅದಕ್ಕೇ ಮೊದಲು ಮಾದರಿ ಜೋಡಣೆಯೊಂದನ್ನು ಮಾಡಿ, ಯಂತ್ರಕ್ಕೆ ಕಚ್ಚಿಸಿ ಎಳೆಯಬೇಕು. ಎಂಟು ಟನ್ ತಡೆದರೆ ಸಾಕೆಂಬುದು ನಿಮ್ಮದೇ ನಿಯಮ.

ನಮ್ಮ ಮೇಸ್ತ್ರಿ ಅರವತ್ತರ ಹೆಂಗಸು. ಇಡೀ ಶೆಡ್ಡಿಗೆ ಚಿಕ್ಕಮ್ಮ. ಒಣಗಿದ ಪದರವನ್ನು ನಾಣ್ಯದಿಂದ ತಟ್ಟಿ, ಒಳಗೆ ಗುಳ್ಳೆ ಉಳಿದಿದೆಯೇ ಎಂದು ಸದ್ದಿನಲ್ಲೇ ಹೇಳುತ್ತಾರೆ. ಅವರು ಮಾಡಿದ ಜೋಡಣೆಯನ್ನು ಎಳೆದೆವು. ಎಂಟಾಯಿತು, ಹದಿನಾಲ್ಕಾಯಿತು, ಇಪ್ಪತ್ತಕ್ಕೆ ಢಣ್ ಎಂದಿತು.

"ಚಿಕ್ಕಮ್ಮ, ಯಂತ್ರದ ಹಿಡಿನೇ ಮುರಿದುಹೋಯ್ತು," ಎಂದೆ.

"ಜಾಯಿಂಟು?"

"ಕೂದಲೂ ಕೊಂಕಿಲ್ಲ."

"ಹಾಗಾದ್ರೆ ಯಾಕೋ ಸಪ್ಪೆ ಮೋರೆ? ಬಾ, ಟೀ ಕುಡಿಯೋಣ."

ಟೀ ಕುಡಿದು, ಶೆಡ್ಡಿನ ನಡುವೆ ನಾವಿಬ್ಬರೂ ಕುಣಿದೆವು ಕೂಡ. ವರದಿ ತಮ್ಮ ಕಚೇರಿಗೆ ಹೋಯಿತು, ವಾಪಸ್ ಬಂತು: 'ಹದಿನಾಲ್ಕನೇ ಕಾಲಂ, ಜೋಡಣೆ ಮುರಿದ ಭಾರ, ಖಾಲಿ ಇದೆ. ಅಪೂರ್ಣ.' 'ಮುರಿಯಲಿಲ್ಲ' ಎಂದು ಬರೆದು ಕಳಿಸಿದೆವು. ಮತ್ತೆ ಬಂತು: 'ಅಂಕಿಯಲ್ಲಿ ಬರೆಯಿರಿ.' ಮುರಿಯದ್ದನ್ನು ಅಂಕಿಯಲ್ಲಿ ಬರೆಯುವುದು ಹೇಗೆ ಸ್ವಾಮಿ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಮ್ಮ ದೊಣ್ಣೆಯೇ ಮುರಿದು ಕೂತಿತ್ತು.

ಇನ್ನು ನನ್ನ ತಪ್ಪೊಪ್ಪಿಗೆ. ಅಚ್ಚಿಗೆ ರೆಸಿನ್ ಅಂಟದಿರಲೆಂದು ನಾವು ಮೇಣ ಸವರುತ್ತೇವೆ. ಹತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆ ಮೇಣವನ್ನು ಅಂಟಬೇಕಾದ ಜಾಗಕ್ಕೇ ನಾನು ಮನಸಾರೆ ಸವರಿದ್ದೆ. ಆ ಜೋಡಣೆಯ ತುಂಡನ್ನು ಚಿಕ್ಕಮ್ಮ ಗೋಡೆಗೆ ನೇತುಹಾಕಿದ್ದರು. ಹೊಸಬರಿಗೆ ಅದೇ ಮೊದಲ ಪಾಠ. ಯಂತ್ರ ರಿಪೇರಿಯಾದ ದಿನ, ಓಡುತ್ತದೋ ಇಲ್ಲವೋ ನೋಡಲು ಅದನ್ನೇ ಕಚ್ಚಿಸಿದೆ. ಒಂದೂವರೆ ಟನ್ನಿಗೆ ಟಪ್ ಎಂದು ಬಿಟ್ಟುಕೊಂಡಿತು. ಯಂತ್ರ ಕಕ್ಕಿದ ಚೀಟಿಯಲ್ಲಿ ಕೊನೆಗೂ ಒಂದು ಅಂಕಿ ಕಂಡ ನಮ್ಮ ಟೈಪಿಸ್ಟ್, ಯಾರನ್ನೂ ಕೇಳದೆ, ಸಂತೋಷದಿಂದ ಅದನ್ನು ಹದಿನಾಲ್ಕನೇ ಕಾಲಂಗೆ ಏರಿಸಿ ತಮಗೆ ಕಳಿಸಿಬಿಟ್ಟರು.

ನಾಲ್ಕೇ ದಿನದಲ್ಲಿ ಮೊಹರು ಬಿತ್ತು. 'ಎಲ್ಲ ಕಾಲಂ ಭರ್ತಿ. ಮುರಿತ ಸ್ಪಷ್ಟವಾಗಿದೆ, ತೃಪ್ತಿಕರ. ಹಡಗಿನ ಸಮಸ್ತ ಜೋಡಣೆಗಳನ್ನೂ ಇದೇ ಮಾದರಿಯಲ್ಲಿ ಮಾಡತಕ್ಕದ್ದು.' ಕೋಣ ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ತಾವು ಕರುವಿಗೂ ಹಗ್ಗ ಮಂಜೂರು ಮಾಡಿದ್ದೀರಿ.

ದ್ವೀಪದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನಕ್ಕ ದಿನವೂ ಸೋರುವ ಹಳೆ ಮರದ ದೋಣಿಯಲ್ಲಿ ದಾಟುತ್ತಾಳೆ. ಮಡಿಲಲ್ಲಿ ಲಸಿಕೆಯ ಪೆಟ್ಟಿಗೆ, ಕೈಯಲ್ಲಿ ನೀರು ಮೊಗೆಯುವ ಮಗ್ಗು. ತಮ್ಮ ಮಂಜೂರಾತಿ ಪತ್ರ ಓದಿ ಹೇಳಿದಾಗ ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೇಳಿದಳು: "ಅದೆಲ್ಲ ಇರ್ಲಿ ಕಣೋ. ಗಾಳಿ ಜೋರಾಗೋಕೆ ಇನ್ನು ಒಂದು ತಿಂಗಳಿದೆ. ನಾನು ಯಾವುದರಲ್ಲಿ ಹೋಗ್ಲಿ?" ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಆ ಮೇಣದ ತುಂಡಿನ ಮಂಜೂರಾತಿ ರದ್ದುಮಾಡಿ, ಹದಿನಾಲ್ಕನೇ ಕಾಲಂನಲ್ಲಿ 'ಮುರಿಯಲಿಲ್ಲ' ಎಂಬ ಮಾತಿಗೂ ಜಾಗ ಕೊಡಿ. ಅಲ್ಲಿಯವರೆಗೆ ನಾನು ಒಂದು ಪದರವನ್ನೂ ಅಂಟಿಸುವುದಿಲ್ಲ. ತಮಗೆ ಯೋಚಿಸಲು ಸಮಯ ಬೇಕಿದ್ದರೆ, ಒಂದು ಬೆಳಿಗ್ಗೆ ಅಕ್ಕನ ಪಕ್ಕ ಕೂತು ದ್ವೀಪಕ್ಕೆ ಹೋಗಿಬನ್ನಿ. ಅವಳ ಬಳಿ ಇನ್ನೊಂದು ಮಗ್ಗು ಇದೆ.

ಇಂತಿ,
ತನ್ನ ಅತಿ ಕೆಟ್ಟ ಕೆಲಸಕ್ಕೆ ಮಾತ್ರ ತಮ್ಮ ಮೊಹರು ಪಡೆದ ಜೋಡಣೆಗಾರ