ಮರಳಿನ ಮೇಲಿನ ಹೂಕುಂಡಗಳು

"ಉಸಿರಾಡೋಕೆ ಬಿಡೇ" ಅಂದಿದ್ದೆ ನೀನು, ಮನೆ ಬಿಟ್ಟು ಹೋಗುವ ಮುಂಚೆ. ಆ ಮಾತಿನ ಮೊದಲಲ್ಲಿ "ಮರಳಿಗೆ" ಅಂತ ಇತ್ತೇ, ಇರಲಿಲ್ಲವೇ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಸೆಪ್ಟಿಕ್ ಟ್ಯಾಂಕಿನ ನೀರು ಸೋಸಲೆಂದು ಹಿತ್ತಲಲ್ಲಿ ನೀನು ಹಾಸಿದ್ದ ಮರಳಿನ ಮೇಲೆ, ಕಣ್ಣಿಗೆ ಚೆಂದವೆಂದು ನಾನು ಹೂಕುಂಡಗಳನ್ನು ಒತ್ತೊತ್ತಾಗಿ ಇಟ್ಟಿದ್ದೆನಲ್ಲ. ಗಾಳಿಯಾಡದೆ ಮರಳು ಕಟ್ಟಿಕೊಂಡಿತು. ಬಚ್ಚಲಲ್ಲಿ ನೀರು ನಿಂತು ಬೀದಿಯೆಲ್ಲ ನಾರಿತು. ನಿನ್ನೆ ಕುಂಡಗಳನ್ನೆಲ್ಲ ಎತ್ತಿಟ್ಟು, ನೀನು ಬಿಟ್ಟುಹೋದ ಹಲ್ಲುಕುಂಟೆಯಿಂದ ಮೇಲಿನ ಕಪ್ಪು ಹೆಪ್ಪನ್ನು ಕೆರೆದೆ, ಮೆಲ್ಲಗೆ, ನೋಯಬಾರದೆಂಬಂತೆ. ಸಂಜೆಗೆ ನೀರು ಗುಳುಗುಳು ಎಂದು ಇಳಿಯಿತು. ಕೇಳುತ್ತಾ ಅಲ್ಲೇ ಕೂತಿದ್ದೆ.

ಇವತ್ತು ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಮೂಗಿನಿಂದ ಕೈ ತೆಗೆದರು. "ವಾಸನೇನೇ ಇಲ್ವಲ್ಲೇ! ಬಂದ್ನೇನೇ ನಿನ್ನ ಗಂಡ, ಆ ಮರಳಿನ ಮರುಳ?"