ಲಾ ಪಾಸ್ಯಾಂತ್ ಮುಳುಗಲಿಲ್ಲ

ಪದ್ಮನಾಭನಗರ
೧೧ ಜನವರಿ ೧೯೭೯, ಗುರುವಾರ

ಪ್ರೀತಿಯ ಉಮಕ್ಕನಿಗೆ,

ಮಧ್ಯಾಹ್ನ ಮೂರೂವರೆಗೆ ಚಿಕ್ಕಲಸಂದ್ರದ ಕಡೆ ಬಂಡೆ ಸಿಡಿಸಿದ ಸದ್ದಿಗೆ ಎಚ್ಚರವಾಯಿತು. ಪಾಪು ಹುಟ್ಟಿದಾಗಿನಿಂದ ನನಗೆ ಸಿಗುವುದು ಇಂಥ ತುಂಡು ನಿದ್ದೆಯೇ. ಅದೂ ಚೀರಿಕೊಂಡು ಎದ್ದಿತು. ಎತ್ತಿಕೊಂಡು ನಡುಮನೆಗೆ ಬಂದರೆ ನಿಮ್ಮ ಅಪ್ಪ, ನಮ್ಮ ಮಾವನವರು, ಎಂದಿನಂತೆ ಗೋಡೆ ನೋಡುತ್ತ ಮಲಗಿದ್ದರು. ದೀಪಾವಳಿಯಲ್ಲಿ ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಅವರಿಗೆ ಇನ್ನು ಏನೂ ತಿಳಿಯುವುದಿಲ್ಲ ಎಂದಲ್ಲವೆ ನಾವೆಲ್ಲ ಆ ಆರೈಕೆ ಮನೆಗೆ ಬಿಡಲು ಒಪ್ಪಿದ್ದು, ನಾಳೆ ಬೆಳಿಗ್ಗೆ ಆರಕ್ಕೆ ಕಾರು ಕಳಿಸುತ್ತೇನೆಂದು ನೀವು ಹೇಳಿದ್ದು?

ಪಾಪು ಸುಮ್ಮನಾಗುವುದು ಮಾವನವರ ಹಡಗಿನ ಕಥೆಗೆ ಮಾತ್ರ. ಮೊದಲು ಅವರೇ ಹೇಳುತ್ತಿದ್ದರು, ಈಗ ನಾನು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಸೋತರೂ ಶರಣಾಗದೆ ತಪ್ಪಿಸಿಕೊಂಡ 'ಲಾ ಪಾಸ್ಯಾಂತ್' ಹಡಗು ಪಾಂಡಿಚೇರಿಗೆ ಬಂದದ್ದು, ಆಗ ಇಪ್ಪತ್ತರ ಹುಡುಗ ಶಾಂತವೀರಪ್ಪ, ಅಂದರೆ ಮಾವನವರೇ, ಮನೆಯಲ್ಲಿ ಹೇಳದೆ ಹತ್ತಿದ್ದು, ಶತ್ರುಗಳು ನೀರೊಳಗೆ ಹುದುಗಿಸಿದ ಸಿಡಿಗುಂಡು ಮೈನುಗಳನ್ನು ಗುಡಿಸುತ್ತ ಏಡನ್, ಮಡಗಾಸ್ಕರ್, ಕೊನೆಗೆ ಫ್ರಾನ್ಸಿನ ತೂಲಾನ್ ಬಂದರಿಗೆ ಹೋದದ್ದು. ಹಡಗು ಎಳೆದೊಯ್ಯುವ ಉಕ್ಕಿನ ಹಗ್ಗ ಮೈನಿನ ಸರಪಳಿ ಕತ್ತರಿಸಿದರೆ ಅದು ಬುಳಕ್ಕನೆ ಮೇಲೇಳುತ್ತದೆ. ಡೆಕ್ಕಿನಿಂದ ಕೋವಿಯಲ್ಲಿ ಹೊಡೆಯುತ್ತಾರೆ. ಅಲ್ಲಿ ನಾನು 'ಢಂ' ಎನ್ನಬೇಕು, ಪಾಪು ನಗಬೇಕು.

ಇವತ್ತು ನಿದ್ದೆಗಣ್ಣಲ್ಲಿ ಬಾಯಿತಪ್ಪಿ, ಮಡಗಾಸ್ಕರ್ ಹತ್ತಿರ ಮೈನು ತಗುಲಿ ಹಡಗು ಮುಳುಗಿಹೋಯ್ತು ಕಂದಾ, ಎಂದುಬಿಟ್ಟೆ.

ಮಂಚದಿಂದ ಗೊಗ್ಗರು ದನಿ ಬಂತು. "ಮು... ಮುಳುಗ್ಲಿಲ್ಲ!"

ತಿರುಗಿ ನೋಡಿದೆ, ಅಕ್ಕ. ಮಾವನವರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಮುಖವೆಲ್ಲ ಕೆಂಪು. "ಯಾರ್ ಹೇಳಿದ್ ನಿಂಗೆ? ತೂಲಾನ್‌ಗೆ ಹೋಯ್ತು." ಅಲ್ಲಿ ಏನು ಮಾಡಿತು ಮಾವ ಎಂದೆ, ಅಳುತ್ತಲೇ. ಒಂದೊಂದೇ ಮಾತು ಎತ್ತಿಟ್ಟ ಹಾಗೆ ಹೇಳಿದರು. "ಗುಡಿಸ್ತು. ದೊಡ್ ಹಡಗೆಲ್ಲ ಹಿಂದೆ. ನಾವು ಮುಂದೆ."

ಮಾವ ಮಾತಾಡಿದರು ಎಂಬ ನನ್ನ ಕೂಗಿಗೆ ಎದುರುಮನೆ ನಾರಾಯಣಮ್ಮ ಓಡಿಬಂದು, "ಏನ್ ತಾತ, ಬಾಯ್ ಬಂತಾ?" ಎಂದರು. "ನಿನ್ನಷ್ಟಿಲ್ಲ" ಎಂದರು ಮಾವ. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅರ್ಧ ಲೋಟ ಕಾಫಿಯನ್ನು ತಾವೇ ಹಿಡಿದು ಕುಡಿದರು, ಅಕ್ಕ!

ಆಮೇಲೆ ಲೋಟ ಕೆಳಗಿಟ್ಟು ಕೇಳಿದರು. "ಕಾರು ಎಷ್ಟೊತ್ತಿಗಮ್ಮ?"

ನಾವು ಅವರ ಮಂಚದ ಪಕ್ಕ ನಿಂತು ಆಡಿದ್ದೆಲ್ಲ ಅವರಿಗೆ ಕೇಳಿಸಿದೆ. ಇಷ್ಟು ದಿನವೂ ಕೇಳಿಸಿದೆ.

ಆ ಕಾರು ಬೇಡ. ಪಾಪುವಿನ ಜೊತೆ ನನ್ನ ಕೈಲಾಗುವುದಿಲ್ಲ ಎಂದು ನಿಮ್ಮ ಮುಂದೆ ಅತ್ತವಳು ನಾನೇ. ಈಗ ಆಗುತ್ತದೆ ಎನ್ನುವವಳೂ ನಾನೇ. ನಾರಾಯಣಮ್ಮನವರ ಫೋನಿನಿಂದ ಎಷ್ಟು ತಿರುಗಿಸಿದರೂ ನಿಮ್ಮದು ಎಂಗೇಜು. ನಮ್ಮ ಮನೆಯವರು ಎರಡನೇ ಶಿಫ್ಟಿನಲ್ಲಿದ್ದಾರೆ. ಅದಕ್ಕೇ ಆಟೋ ಪಿಳ್ಳಣ್ಣನ ಕೈಲಿ ಇದನ್ನು ಜಯನಗರಕ್ಕೆ ಕಳಿಸುತ್ತಿದ್ದೇನೆ.

ನಿಮ್ಮ
ಜಯಶೀಲಾ

ಮರೆತೆ: ಬಾಯಿತಪ್ಪಿ ಎಂದು ಬರೆದೆನಲ್ಲ, ಅದು ಸುಳ್ಳು. ಬೇಕೆಂದೇ ಮುಳುಗಿಸಿದೆ. ಆ ಹಡಗು ಒಮ್ಮೆ ತಳ ಸೇರಿದರೆ ನಾನೂ ಮಲಗಬಹುದು ಎಂಬಷ್ಟು ಸಿಟ್ಟು ಬಂದಿತ್ತು. ಮಾವನವರಿಗೆ ಅದೂ ಗೊತ್ತಾಗಿದೆ ಎಂದು ಕಾಣುತ್ತದೆ. ಈಗ ಬಾಗಿಲಿನ ಕಡೆಗೇ ಕಣ್ಣಿಟ್ಟು ಕೂತಿದ್ದಾರೆ. ಎಷ್ಟು ಹೊತ್ತಿಗೆ ಫೋನ್ ಬಂದರೂ ಎದ್ದು ತೆಗೆಯುತ್ತೇನೆ ಎಂದಿದ್ದಾರೆ ನಾರಾಯಣಮ್ಮ. ಮಾವನವರನ್ನು ಹಿಡಿದು ಫೋನಿಗೆ ಕರೆತರುತ್ತೇವೆ, ಕಾರು ಬರುವುದಿಲ್ಲ ಎಂದು ನೀವೇ ಅವರಿಗೆ ಹೇಳಿ. ಬೆಳಗಾಗುವ ಮೊದಲು ಫೋನ್ ಮಾಡಿ ಅಕ್ಕ, ದಮ್ಮಯ್ಯ.