ಮೂರು ಬೆರಳು ಆಳ

ಜೂನ್ 11, ಬೆಳಿಗ್ಗೆ 6

ಟ್ರ್ಯಾಕ್ಟರಿನ ನೀರು, ಆಯಿಲ್ ನೋಡಿದೆ. ಹೊಡೆಯಲು ಹೊಲ ಇಲ್ಲ, ಆದರೂ ದಿನಾ ನೋಡುತ್ತೇನೆ. ಚಾ ಇವತ್ತೂ ಎರಡು ಕಪ್ಪಿನಷ್ಟು ಇಟ್ಟುಬಿಟ್ಟೆ. ಎರಡೂ ನಾನೇ ಕುಡಿದೆ.

ಸಮುದಾಯ ಭವನದ ಹಿಂದೆ ಬಿತ್ತುವ ಕೂರಿಗಿಗೆ ಗ್ರೀಸ್ ಹಚ್ಚಲು ಹೋದರೆ... ಎರಡೂ ಗೇಜ್ ವೀಲ್, ಆಳ ಹಿಡಿಯುವ ಗಾಲಿ, ಇಲ್ಲ. ತೋಳು ಸಮೇತ ಬಿಚ್ಚಿಕೊಂಡು ಹೋಗಿದ್ದಾರೆ. ನಟ್ಟುಗಳನ್ನು ಮಾತ್ರ ಸಾಲಾಗಿ ಇಟ್ಟು ಹೋಗಿದ್ದಾರೆ. ಶಿಸ್ತಿನ ಕಳ್ಳರು.

ಕೂರಿಗಿ ಮೇಲೆ ಐದು ಹೆಣ್ಣುಮಕ್ಕಳ ಹೆಸರು. ನಮ್ಮ ಮಹಿಳಾ ಸಂಘಕ್ಕೆ ಅದು ಬಂದ ದಿನ ಬಣ್ಣದಲ್ಲಿ ಬರೆಸಿದ್ದು. ಇಬ್ಬರು ಪುಣೆಗೆ, ಕಟ್ಟಡದ ಕೆಲಸಕ್ಕೆ. ಇಬ್ಬರು ಊರಲ್ಲೇ ಇದ್ದಾರೆ, ನನ್ನ ಕಂಡರೆ ಬೇರೆ ಓಣಿ ಹಿಡಿಯುತ್ತಾರೆ. ಉಳಿದ ಹೆಸರು ಪಂಚಶೀಲಾ. ಅದು ನಾನು.

ಜೂನ್ 12

ಶಾಂತಪ್ಪ ಬಂದಿದ್ದ. ಹೊಸ್ತಿಲ ಆಚೆ ನಿಂತೇ ಮಾತಾಡಿದ.

"ಶೀಲಾ, ಹೊಲದಾಗ ಹಸಿ ಆರಾಕತ್ತೈತಿ. ನನ್ನ ಟ್ರ್ಯಾಕ್ಟರ್‌ನವ ಕೈ ಕೊಟ್ಟ. ನಾಕ್ ಎಕರೆ ತೊಗರಿ. ಬಿತ್ತತಿಯೇನು?"

"ಮಂದಿ ಏನಂತಾರ್ರಿ ಅಣ್ಣಾರ?"

"ಮಂದಿ ಬಂದು ನನ್ನ ಹೊಲ ಬಿತ್ತತಾರೇನು? ಆದ್ರ ಚಂದಾಗಿ ಬೀಳಬೇಕು ನೋಡು. ಇದು ಚಲೋ ಎದ್ದತಂದ್ರ ನಾಳೆ ಹತ್ತ್ ಮಂದಿ ನಿನ್ನ ಕರೀತಾರ. ಏಳಲಿಲ್ಲಂದ್ರ ನಿನ್ನೂ ನನ್ನೂ ಕೂಡಿಸಿ ನಗತಾರ."

ಎರಡು ವರ್ಷದಲ್ಲಿ ಮೊದಲ ಹೊಲ. ವೆಂಕಟಪ್ಪ ತನ್ನ ಹೋಟೆಲಿನಲ್ಲಿ ನಮ್ಮ ಕೇರಿಗೆ ಬೇರೆ ಲೋಟ ಇಟ್ಟಿದ್ದ. ಕಂಪ್ಲೇಂಟ್ ಬರೆದವಳು ನಾನು. ಸಂಘದವರೆಲ್ಲ ಸಹಿ ಹಾಕಿದರು. ಆಮೇಲೆ ಊರ ಹಿರಿಯರು ರಾಜಿಗೆ ಕೂತರು, ಸಹಿ ಒಂದೊಂದಾಗಿ ವಾಪಸ್ ಹೋದವು. ನಂದು ಹೋಗಲಿಲ್ಲ. ಅಂದಿನಿಂದ ನನ್ನ ಟ್ರ್ಯಾಕ್ಟರಿಗೆ ಊರಲ್ಲಿ ಹೊಲ ಇಲ್ಲ. ಈಗ ಹೋಟೆಲಿನಲ್ಲಿ ಎಲ್ಲರಿಗೂ ಕಾಗದದ ಕಪ್ಪು. ಸಮಾನತೆ ಬಂದಿದೆ — ಕುಡಿದು ಬಿಸಾಕುವ ಸಮಾನತೆ.

"ಬಿತ್ತತೀನಿ" ಅಂದೆ. ಗಾಲಿ ಇಲ್ಲ ಅಂತ ಹೇಳಲಿಲ್ಲ.

ಗಾಲಿ ಇಲ್ಲದಿದ್ದರೆ ನಮ್ಮ ಎರಿ ಭೂಮಿಯಲ್ಲಿ ಕೂರಿಗಿ ಮುಳುಗುತ್ತದೆ. ಎರಡು ಬದಿಗೂ ಒಂದೊಂದು ಗಾಲಿ ನೆಲದ ಮೇಲೆ ಉರುಳುತ್ತ ಅದನ್ನು ಎತ್ತಿ ಹಿಡಿಯಬೇಕು, ಮಣ್ಣು ಸೀಳುವ ತಾಳು ಎಷ್ಟು ಆಳ ಇಳಿಯಬೇಕೋ ಅಷ್ಟೇ ಬಿಡಬೇಕು. ಇಲ್ಲಾಂದರೆ ಅದು ಬಿತ್ತನೆ ಅಲ್ಲ, ಕಾಳು ಹೂಳೋದು.

ಜೂನ್ 13

ಯಾದಗಿರಿ. ಮೂರು ಅಂಗಡಿ. ಕಂಪನಿ ಗಾಲಿ ಬೇಕಂದರೆ ಆರ್ಡರ್ ಹಾಕಬೇಕು, ಹತ್ತು ದಿನ. ಮೂರನೆಯವ — "ಮನ್ಯಾಗ ಗಂಡಸರಿಲ್ಲೇನಮ್ಮಾ? ಅವರನ್ನ ಕಳಸು, ತಿಳಿಸಿ ಹೇಳ್ತೀನಿ." ಅವನ ಅಂಗಡಿಯ ಹೊಸ ಕೂರಿಗಿಯಲ್ಲಿ ಗಾಲಿ ಉಲ್ಟಾ ಹಾಕಿದ್ದ. ಅದನ್ನು ಅವನಿಗೆ ತಿಳಿಸಿ ಹೇಳಿ ಬಂದೆ.

ಬಸ್ಸು ಹಿಡಿದು ಸುರಪುರ. ಗುಜರಿ ಅಂಗಡಿಯ ಚಮನಬೀ. ಅರವತ್ತು ದಾಟಿದ ಹೆಂಗಸು, ಕಬ್ಬಿಣದ ಗುಡ್ಡೆ ಮುಂದೆ ಕುರ್ಚಿ.

"ಕೂರಿಗಿ ಗಾಲಿ ಬೇಕು ಖಾಲಾ, ಎರಡು."

"ಒಂದ್ ಇಲ್ಲೇ ಐತಿ. ಇನ್ನೊಂದ್ ಹುಡುಕು ಬೇಟಿ, ಈ ಗುಡ್ಡೆದಾಗ ಸತ್ತವರೆಲ್ಲಾ ಅದಾರ."

ಒಂದು ತಾಸು ಅಗೆದೆ. ಸಿಕ್ಕಿತು. ಜೋಡಿ ಆಗುತ್ತವಾ ಅಂತ ಹಗ್ಗ ಸುತ್ತಿ ಅಳೆದೆ. ಮುದುಕಿ ನಕ್ಕಳು.

"ನನ್ನ ನಿಕಾ ಮಾಡಿದಾಗ ಯಾರೂ ಹಗ್ಗ ಸುತ್ತಲಿಲ್ಲ. ಮೂವತ್ ವರ್ಷ ಓಡಿತು."

ತೋಳು ಇಲ್ಲ. ಶಹಾಪುರದಲ್ಲಿ ಅವಳ ತಮ್ಮನ ಮಗ ಹಾಶಿಮ ವೆಲ್ಡಿಂಗ್ ಮಾಡುತ್ತಾನಂತೆ, ಮಾಡಿಕೊಡುತ್ತಾನಂತೆ.

ಎರಡು ಗಾಲಿ ಚೀಲದಲ್ಲಿ ಹಾಕಿ ತಲೆ ಮೇಲೆ ಹೊತ್ತು ಬಸ್ಸು ಹತ್ತಿದೆ. ವಾರದಲ್ಲಿ ಯಾರ ಜೊತೆಯೂ ಇಷ್ಟು ಮಾತಾಡಿರಲಿಲ್ಲ. ಗಂಟಲು ನೋಯುತ್ತಿದೆ.

ಜೂನ್ 14

ಕೂರಿಗಿ ಕಟ್ಟಿಕೊಂಡು ಶಹಾಪುರಕ್ಕೆ ಹೊಡೆದೆ. ಭೀಮಾ ಸೇತುವೆ ಮೇಲೆ ಲಾರಿಯವನೊಬ್ಬ ಹೆಂಗಸು ಅಂತ ಹಾರ್ನ್ ಹೊಡೆದೇ ಹೊಡೆದ. ನಾನು ಸೈಡ್ ಕೊಡಲಿಲ್ಲ.

ಹಾಶಿಮ ಎತ್ತರದ ಆಳು. ಕೈ ಒಂದೊಂದೂ ಮೊರದಷ್ಟು. ಮಧ್ಯಾಹ್ನದೊಳಗೆ ತೋಳು ಬೆಸೆದ. ಕೂರಿಗಿಯನ್ನು ಸಿಮೆಂಟ್ ನೆಲಕ್ಕೆ ಇಳಿಸಿ, ತಾಳು ನೆಲ ಮುಟ್ಟಿಸಿದ. ಈಗ ಗಾಲಿ ನೆಲದಿಂದ ಎಷ್ಟು ಮೇಲಿದೆಯೋ, ಕಾಳು ಅಷ್ಟೇ ಆಳ ಬೀಳೋದು.

"ಎಷ್ಟ್ ಇಡಲಿ ಅಕ್ಕಾ?"

"ಮೂರು ಬೆರಳು."

ತೀರಿಹೋದ ಅವ್ವ ಕರೆಮ್ಮನ ಲೆಕ್ಕ. ಎತ್ತಿನ ಕೂರಿಗಿ ಹಿಂದೆ ನಡೆದು ಅದರ ಬಟ್ಟಲಿಗೆ ಕಾಳು ಬಿಡುವವಳು. ಸಾಲಿಗೊಮ್ಮೆ ಬಗ್ಗಿ ಮಣ್ಣಿಗೆ ಬೆರಳಿಟ್ಟು ನೋಡುವಳು. ಆಕಿ ಕೈಗುಣ ದೊಡ್ಡದು ಅಂತ ಊರೆಲ್ಲ ಬಿತ್ತಲು ಕರೆಯುತ್ತಿತ್ತು. ಮಧ್ಯಾಹ್ನ ಕುಡಿಯಲು ಅದೇ ಕೈಗೆ ಮೇಲಿಂದ ನೀರು ಸುರಿಯುತ್ತಿದ್ದರು. ಬೀಜಕ್ಕೆ ಮೈಲಿಗೆ ಇಲ್ಲ. ನೀರಿಗೆ ಐತಿ.

ಹಾಶಿಮ ಎಡಗಡೆ ಗಾಲಿ ಕೆಳಗೆ ಬೆರಳು ತೂರಿಸಿ ಬೋಲ್ಟು ಬಿಗಿದ. ಅಷ್ಟರಲ್ಲಿ ಯಾರದೋ ಟ್ರಾಲಿ ಬಂತು, ಹೋದ. ಬಲಗಡೆಯದು ನಾನೇ ಬೆರಳಿಟ್ಟು ಬಿಗಿದೆ.

ಹೊರಡುವಾಗ ಚಾ ಕೊಟ್ಟ. ಅವ ಕುಡಿಯುವಂಥದೇ ಪಿಂಗಾಣಿ ಕಪ್ಪು, ಕಿವಿ ಮುರಿದದ್ದು. "ಅಕ್ಕಾ, ಬಿಸಿ ಐತಿ, ಜ್ವಾಕಿ." ಸುಮ್ಮನೆ ಕಣ್ಣು ತುಂಬಿದವು. ವೆಲ್ಡಿಂಗ್ ಬೆಳಕು ನೋಡಿದೆ ಅಂದೆ.

ಜೂನ್ 15

ಬಿತ್ತಿದೆ. ನಾಲ್ಕು ಎಕರೆ. ಸಾಲು ದಾರ ಹಿಡಿದಂಗೆ. ಶಾಂತಪ್ಪ ಬದುವಿನ ಮೇಲೆ ನಿಂತು "ಕರೆಮ್ಮನ ಮಗಳು!" ಅಂದ. ನನಗಲ್ಲ, ಪಕ್ಕದಲ್ಲಿ ಕಟ್ಟಿದ್ದ ತನ್ನ ಎತ್ತಿಗೆ.

ಜೂನ್ 17

ಜೋರು ಮಳೆ. ಮರುದಿನವೇ ಬಿಸಿಲು ಬಿದ್ದರೆ ನೆಲ ಗಟ್ಟಿಯಾಗಿ ರೊಟ್ಟಿ ಕಟ್ಟುತ್ತದೆ. ಕಟ್ಟಲಿ. ಮೂರೇ ಬೆರಳು ಆಳ, ಮೊಳಕೆ ಒಡೆದುಕೊಂಡು ಬರುತ್ತದೆ.

ಜೂನ್ 23

ಎದ್ದಿದೆ. ಪಟ್ಟಿ ಪಟ್ಟಿ ಎದ್ದಿದೆ. ಎಂಟು ಸಾಲು ಹಸಿರು. ಪಕ್ಕದ ಎಂಟು ಸಾಲು ಬರೀ ಕರಿ ಮಣ್ಣು. ಮತ್ತೆ ಎಂಟು ಹಸಿರು... ಊರ ರಸ್ತೆಗೇ ಕಾಣುವ ಹೊಲ.

ಬಸ್‌ಸ್ಟಾಂಡಿನಲ್ಲಿ ನಿಂತ ನನಗೆ ಕೇಳಿಸುವ ಹಾಗೆ ಹೋಟೆಲಿನಲ್ಲಿ ಅಂದರು — "ಅವ್ವನ ಕೈಗುಣ ಮಗಳಿಗಿಲ್ಲ ಬಿಡು. ಅರ್ಜಿ ಬರೆಯೋ ಕೈ ಅದು." ನಕ್ಕರು. ವೆಂಕಟಪ್ಪ ನಗಲಿಲ್ಲ. ಚಾ ಸೋಸುತ್ತಿದ್ದ.

ರಾತ್ರಿ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಜೂನ್ 24, ಬೆಳಿಗ್ಗೆ

ಹೊಲಕ್ಕೆ ಹೋಗಿ ಮಂಡಿಯೂರಿ ಅಗೆದೆ. ಹಸಿರು ಸಾಲಿನ ಕಾಳು ಸರಿಯಾಗಿ ಮೂರು ಬೆರಳು. ಕರಿ ಸಾಲೆಲ್ಲ ಎಡಗಾಲಿ ಬದಿಯವು, ಹೋಗುವಾಗ ನಾಲ್ಕು, ತಿರುಗಿ ಬರುವಾಗ ನಾಲ್ಕು; ಅಲ್ಲಿ ಐದು ಬೆರಳಾದರೂ ಕಾಳು ಸಿಗಲಿಲ್ಲ. ಅದರ ಕೆಳಗೆ ಇತ್ತು. ಮೊಳಕೆ ಬಿಟ್ಟು, ಮೇಲೆ ಬರಲಾಗದೆ ಸುರುಳಿ ಸುತ್ತಿಕೊಂಡು ಹಳದಿಯಾಗಿತ್ತು.

ಅಲ್ಲೇ ಕೂತು ಫೋನ್ ಹಚ್ಚಿದೆ. "ಹಾಶಿಮ, ಅವತ್ತ್ ಎಡಗಾಲಿಗೆ ಬೆರಳಿಟ್ಟಾಗ ಗ್ಲೌಸ್ ಬಿಚ್ಚಿದ್ದಿಯೇನು?"

ಆ ಕಡೆ ಗ್ರೈಂಡರ್ ಬಂದ್ ಮಾಡಿದ. "ಇಲ್ಲಕ್ಕಾ."

ಚರ್ಮದ ದಪ್ಪ ಗ್ಲೌಸು. ಅದರೊಳಗೆ ಆ ಮೊರದಂಥ ಕೈ. ನಾನು ಪಕ್ಕದಲ್ಲೇ ನಿಂತಿದ್ದೆ. ಗಾಲಿಗೆ ಹಗ್ಗ ಸುತ್ತಿ ಅಳೆದವಳು ಬೆರಳು ಅಳೆಯಲಿಲ್ಲ.

"ನಾ ನಿಮ್ಮೂರಿಗೆ ಬರ್ತೀನಿ ಅಕ್ಕಾ. ತಪ್ಪ್ ನಂದು ಅಂತ ಎಲ್ಲಾರ ಮುಂದ ಹೇಳ್ತೀನಿ."

"ಬರಬ್ಯಾಡ. ಅವರಿಗೆ ಬೇಕಾಗಿರೋದು ಅದೇ. ನನ್ನ ಕೈಗೆ ನಿನ್ನ ಕೈ ಜೋಡಿಸಿ ಬೈತಾರ."

ಜೂನ್ 25

ಶಾಂತಪ್ಪನ ಮನೆ ಅಂಗಳ. ನಾ ಬಾಯಿ ತೆಗೆಯುವ ಮೊದಲೇ ಅವನೇ —

"ಹಂದಿ ಮೇದಾವು ಅಂತ ಹೇಳೇನಿ. ನೀ ಸುಮ್ಮನಿರು. ನನ್ನ ಮರ್ಯಾದಿನೂ ಉಳೀತದ."

"ಹಂದಿ ಎಂಟೆಂಟು ಸಾಲು ಎಣಿಸಿ ಮೇಯ್ತಾವೇನ್ರಿ?"

"ಮತ್ತೇನ್ ಹೇಳಲಿ? ಕೈಗುಣ ಸರಿಯಿಲ್ಲಂತ ಹೇಳಲಿ?"

"ಅಳತಿ ತಪ್ಪಿತ್ತು ಅಂತ ಹೇಳ್ರಿ. ಕೈಗುಣ ಅಂದ್ರ ಸಾಯೋತನಕ ನನ್ನ ಮೈಗೆ ಅಂಟತದ. ಅಳತಿ ಆದ್ರ ಪಾನಾ ಹಿಡಿದು ಬೋಲ್ಟ್ ತಿರುವಿ ತಿದ್ದಬಹುದು. ಕರಿ ಸಾಲೆಲ್ಲ ನನ್ನ ಬೀಜ ಹಾಕಿ ಮತ್ತ ಬಿತ್ತತೀನಿ."

ಮೀಸೆ ಸವರಿದ. "ಬಿತ್ತು. ಆದ್ರ ಊರಾಗ ಹೇಳೋದು ನೀನೇ ಹೇಳು. ನಾ ಹಂದಿ ಅಂದಾಗೈತಿ."

ಜೂನ್ 26

ಎಡಗಾಲಿ ಇಳಿಸಿದೆ. ಎರಡು ಕಡೆಗೂ ಒಂದೇ ಕೈ — ನಂದು. ಕರಿ ಪಟ್ಟಿಗಳಲ್ಲಿ ಮಾತ್ರ ಮತ್ತೆ ಬಿತ್ತಿದೆ. ಬದುವಿನ ಮೇಲೆ ಇವತ್ತು ಯಾರೂ ಇರಲಿಲ್ಲ. ಸಾಲಿಗೊಮ್ಮೆ ಇಳಿದು ಬೆರಳಿಟ್ಟೆ. ನೋಡು ಅವ್ವಾ, ಸರಿ ಐತೇನು ಅಂತ ಕೇಳಿದೆ. ಜೋರಾಗಿಯೇ. ಯಾರಿದ್ದಾರೆ ಕೇಳಲು.

ಜೂನ್ 27, ಸಂಜೆ 5

ಹೋದೆ. ಎರಡು ವರ್ಷದ ಮೇಲೆ ಆ ಹೋಟೆಲಿನ ಮುಂದೆ. ಹತ್ತು ಹನ್ನೆರಡು ಮಂದಿ. ಬೆಂಚಿನ ಮೇಲೆ ಚೀಲ ಇಟ್ಟು ಜಾಗ ತುಂಬಿಸಿದರು. ನಿಂತೇ ಹೇಳಿದೆ.

"ಹಂದಿ ಅಲ್ಲ, ಕೈಗುಣನೂ ಅಲ್ಲ. ಒಂದು ಗಾಲಿ ನನ್ನ ಬೆರಳಿನ ಅಳತಿ, ಇನ್ನೊಂದು ಬ್ಯಾರೆ ಬೆರಳಿನ ಅಳತಿ ಆಗಿತ್ತು. ನೋಡಿಕೊಳ್ಳದ ತಪ್ಪು ನಂದು. ತಿದ್ದಿ ಬಿತ್ತೇನಿ. ಎಂಟು ದಿನಕ್ಕ ಹೋಗಿ ನೋಡ್ರಿ."

ಎಲ್ಲರೂ ಕಪ್ಪು ಎತ್ತಿ ಚಾ ಹೀರಿದರು. ಬೈದಿದ್ದರೆ ನಾನೂ ಬೈಯಬಹುದಿತ್ತು. ತಿರುಗಿದೆ.

"ಎಷ್ಟ್ ಬೆರಳ ಇಡಬೇಕು ಹಂಗಾದ್ರ?"

ವೆಂಕಟಪ್ಪ. ಕೈಯಲ್ಲಿ ಸೋಸುವ ಅರಿವೆ ಹಿಡಿದೇ ಒಲೆ ಬಿಟ್ಟು ಬಂದಿದ್ದ. ಅವನಿಗೂ ಹೋಟೆಲಿನ ಹಿಂದೆ ಎರಡು ಎಕರೆ ಇದೆ, ಇನ್ನೂ ಬಿತ್ತಿಲ್ಲ.

"ಮೂರು."

"ಯಾರ ಬೆರಳು?"

ಕೈ ಚಾಚಿದೆ. ಮೂರು ಬೆರಳು ಕೂಡಿಸಿ ಹಿಡಿದೆ. ಅವ ತನ್ನ ಕೈ ಲುಂಗಿಗೆ ಒರೆಸಿಕೊಂಡ. ಮೂರು ಬೆರಳು ಕೂಡಿಸಿದ. ಅಳತೆ ನೋಡಲು ನನ್ನ ಕೈ ಹತ್ತಿರ ತಂದ. ತಂದು ನಿಲ್ಲಿಸಿದ. ನಡುವೆ ಒಂದು ಬೆರಳಿನಷ್ಟು ಗಾಳಿ. ಬೆಂಚಿನ ಮೇಲಿದ್ದವರು ಕಪ್ಪು ಕೆಳಗಿಟ್ಟರು. ನಾ ಕೈ ಹಿಂದಕ್ಕೂ ತೆಗೆಯಲಿಲ್ಲ, ಮುಂದಕ್ಕೂ ಒಯ್ಯಲಿಲ್ಲ. ಈ ಒಂದು ಬೆರಳು ನನ್ನ ಅಳತೆಯದಲ್ಲ, ಅವನೇ ದಾಟಲಿ. ಆಮೇಲೆ ಅವ ಆ ಗಾಳಿ ದಾಟಿ ತನ್ನ ಮೂರು ಬೆರಳು ನನ್ನ ಬೆರಳಿಗೆ ಹಚ್ಚಿದ.